ನೀರಿನ್ನೂ ಮಾಗಿಲ್ಲ!

"ಈ ಮೀನು ನಿಮಗೆ ಕೊಡೋದಿಲ್ಲ!"

ದಾಕ್ಷಾಯಿಣಿ ಬೆಚ್ಚಿ ತಲೆಯೆತ್ತಿದಳು. ಮಾನಂತವಾಡಿಯ ಆ ಪುಟ್ಟ ಅಕ್ವೇರಿಯಂ ಅಂಗಡಿಯ ಮಾಲೀಕ ಮಹದೇವಪ್ರಸಾದ್, ಕೆಂಪು ಪಟ್ಟೆಯ ಮೀನುಗಳಿಗೆ ಅಡ್ಡ ನಿಂತಿದ್ದ.

"ದುಡ್ಡು ಕೊಡ್ತೀನಿ ಕಣ್ರೀ, ಪುಕ್ಕಟೆ ಕೇಳ್ತಿಲ್ಲ!"

"ನಿಮ್ಮ ತೊಟ್ಟಿ ಎರಡಡಿ ಅಂದ್ರಲ್ಲ? ಇವು ಗೇಣುದ್ದ ಬೆಳೀತವೆ. ಅಷ್ಟರಲ್ಲಿ ಇಟ್ರೆ ಜೈಲಿಗೆ ಹಾಕಿದಂಗೆ."

ಕೋಪ ದಾಕ್ಷಿಗೆ ಮೂಗಿನ ತುದಿಯಲ್ಲೇ. ಆದರೆ ಆವತ್ತು ಕೋಪಕ್ಕೆ ಮೊದಲು ಕಣ್ಣೀರು ಬಂತು.

"ನಮ್ಮಪ್ಪ ನಲವತ್ತು ವರ್ಷ ಹೊಳೇಲಿ ದೋಣಿ ನಡೆಸಿದೋರು. ಈಗ ಸೊಂಟ ಮುರಿದು ಮಲಗವ್ರೆ. ಹೊಳೆ ನೋಡ್ಬೇಕು ಅಂತಾರೆ... ಹೊತ್ಕೊಂಡು ಹೋಗೋಕಾಗುತ್ತಾ? ಹೊಳೇನೇ ಮನೆಗೆ ತರೋಕಾಗುತ್ತಾ?"

ಅವನ ದನಿ ಮೆತ್ತಗಾಯಿತು. "ತರೋಣ. ಮೊದಲು ಹೊಳೆ ಮಾಡೋಣ, ಮೀನು ಆಮೇಲೆ."

ಭಾನುವಾರ ಬಾವಲಿಯ ಅವಳ ಮನೆಗೆ ಬಂದೇಬಿಟ್ಟ! ಮರಳನ್ನು ಏಳು ನೀರಲ್ಲಿ ತೊಳೆದ. ಅಪ್ಪನ ಮಂಚದ ಪಕ್ಕದ ಗಾಜಿನ ತೊಟ್ಟಿಯಲ್ಲಿ ಅದನ್ನೂ ಉರುಟು ಕಲ್ಲುಗಳನ್ನೂ ಹರವಿದ. ಒಂದು ಮೂಲೆಗೆ ಪಂಪು ಕೂರಿಸಿದ್ದೇ ತಡ, ಬಾವಿಯ ನೀರು ಹೊಳೆಯಾಗಿ ಒಂದೇ ದಿಕ್ಕಿಗೆ ಓಡತೊಡಗಿತು. ಮಂಚದಲ್ಲಿದ್ದ ಶಿವನಂಜಪ್ಪ ಕತ್ತು ಹೊರಳಿಸಿ ನೋಡಿದರು. ಎಷ್ಟೋ ದಿನಗಳ ಮೇಲೆ ಅಪ್ಪ ನಕ್ಕಿದ್ದನ್ನು ದಾಕ್ಷಿ ಕಂಡಳು.

"ಎಂಟು ಜೀಬ್ರಾ ಡೇನಿಯೋ ಮೀನು ಬಿಡೋಣ," ಅಂದ ಪ್ರಸಾದ್. "ಬೆರಳುದ್ದವೂ ಇಲ್ಲ, ಸೆಳೆತಕ್ಕೆ ಎದುರಾಗಿ ಈಜೋದು ಅಂದ್ರೆ ಪ್ರಾಣ. ಆದ್ರೆ ನೀರು ಮಾಗ್ಬೇಕು. ಮೀನಿನ ಕೊಳೆ ಕರಗಿಸೋ ಸೂಕ್ಷ್ಮಜೀವಿಗಳು ಕಲ್ಲಿನ ಮೇಲೆ ಬೆಳೀಬೇಕು. ಅಲ್ಲಿತನಕ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ."

ಮೀನಿಲ್ಲದ ನೀರಿಗೆ ಊಟ! ಪಕ್ಕದ ಮನೆಯ ಭಾಗ್ಯಮ್ಮ ಬಿದ್ದು ಬಿದ್ದು ನಕ್ಕರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದಂಗಾಯ್ತಲ್ಲೇ!"

ಪ್ರತಿ ಭಾನುವಾರ ಅವನು ಬರುತ್ತಿದ್ದ. ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಬಿಟ್ಟು, ಬಣ್ಣ ನೋಡಿ ತಲೆಯಾಡಿಸುತ್ತಿದ್ದ. "ನೀರಿನ್ನೂ ಮಾಗಿಲ್ಲ." ಆಮೇಲೆ ಕಾಫಿ. ಆಮೇಲೆ ಅಪ್ಪನ ದೋಣಿಯ ಕಥೆಗಳು. ಅವನು ಹೋದ ಮೇಲೆ ಮನೆಯೇ ಖಾಲಿ ಅನ್ನಿಸುತ್ತಿತ್ತು ದಾಕ್ಷಿಗೆ... 'ಥೂ, ನಂಗೇನಾಗ್ತಿದೆ!'

ಆರು ವಾರ ಕಳೆಯಿತು. ತಡೆಯಲಾರದೆ ಅವಳೇ ಒಂದು ಬಾಟಲಿ ನೀರು ತುಂಬಿಕೊಂಡು ಅಂಗಡಿಗೆ ಹೋದಳು. ಪ್ರಸಾದ್ ಇರಲಿಲ್ಲ. ಅಂಗಡಿ ಕೆಲಸದ ಮಲಯಾಳಿ ಹುಡುಗಿ ಷೈಜ ಪರೀಕ್ಷೆ ಮಾಡಿ ಕಣ್ಣರಳಿಸಿದಳು.

"ವೆಳ್ಳಂ... ಅದೇ, ನೀರು ಸೂಪರ್ ಆಗಿದೆ ಚೇಚಿ! ಎರಡು ವಾರದ ಹಿಂದೇನೇ ಆಗಿತ್ತಲ್ಲ? ಪ್ರಸಾದಣ್ಣ ಆವತ್ತೇ ಮೀನು ಬೇರೆ ಎತ್ತಿಟ್ರು. ನೋಡಿ, ನಿಮ್ಮ ಹೆಸರೇ ಅಂಟಿಸಿದ್ದಾರೆ!"

ಗಾಜಿನ ಮೇಲೆ ಚೀಟಿ. ದಾಕ್ಷಾಯಿಣಿ. ಒಳಗೆ ಎಂಟು ಡೇನಿಯೋ.

ಎರಡು ವಾರ ಸುಳ್ಳು ಹೇಳಿದನಾ? ಖಾಲಿ ನೀರು ನೋಡುತ್ತಾ ಮಲಗಿರುವ ಅಪ್ಪನ ಮುಖ ಕಣ್ಣಮುಂದೆ ಬಂತು. ಮೈ ಉರಿದುಹೋಯಿತು! ಅಲ್ಲಿಂದಲೇ ಫೋನ್ ಮಾಡಿದಳು. "ಇನ್ನು ನಮ್ಮನೆ ಕಡೆ ಬರಬೇಡಿ!"

ಹೇಳಿದ್ದೇನೋ ಹೇಳಿದಳು. ಶನಿವಾರದವರೆಗೆ ಫೋನು ತೆಗೆದು ನೋಡಿದ್ದೇ ನೋಡಿದ್ದು. ನಿಜವಾಗಿಯೂ ಬರದೇ ಹೋದರೆ?

ಭಾನುವಾರ ಪ್ರಸಾದ್ ಅಂಗಳದಲ್ಲಿ ನಿಂತಿದ್ದ. ಕೈಯಲ್ಲಿ ಮೀನಿನ ಚೀಲ, ಮುಖದಲ್ಲಿ ರಕ್ತವೇ ಇಲ್ಲ.

"ಅಪ್ಪನಿಗೆ ಮೀನು ಕೊಟ್ಟು ಹೋಗ್ಬಿಡ್ತೀನಿ."

"ಯಾಕ್ರೀ ಸುಳ್ಳು ಹೇಳಿದ್ರಿ? ಅಪ್ಪ ಕಾಯ್ತಾ ಇದ್ದದ್ದು ಗೊತ್ತಿರಲಿಲ್ವಾ?"

"ಗೊತ್ತಿತ್ತು. ತಪ್ಪಾಯ್ತು." ಅವನು ತಲೆ ತಗ್ಗಿಸಿದ. "ಮೀನು ಬಿಟ್ಟ ಮೇಲೆ ನಾನು ಬರೋಕೆ ಏನು ನೆಪ ಇರುತ್ತೆ ದಾಕ್ಷಿ? ನಿಮ್ಮನ್ನ ನೋಡದ ಭಾನುವಾರ... ನಂಗೆ ಬೇಡ."

ಒಳಗಿನಿಂದ ಶಿವನಂಜಪ್ಪನವರ ದನಿ ಬಂತು.

"ಅವನ್ನ ಬಯ್ಯಬ್ಯಾಡ ಬುಡವ್ವ. ನಂಗೂ ಗೊತ್ತಿತ್ತು. ಕಲ್ಲಿನ ಮ್ಯಾಲೆ ಪಾಚಿ ಹತ್ತಿ ಎರಡು ವಾರ ಆಯ್ತು. ಹೊಳೇಲಿ ಬಾಳಿದೋನ್ಗೆ ಅಷ್ಟೂ ತಿಳೀದಾ?"

"ಅಪ್ಪಾ! ಮತ್ಯಾಕೆ ಸುಮ್ಕಿದ್ರಿ?"

"ಭಾನ್ವಾರ ಬಂದ್ರೆ ನೀನು ಮೂರು ಸಲ ತಲೆ ಬಾಚ್ಕೋತಿದ್ದೆ ಕನವ್ವ. ಆ ಮೀನಿಗೇನು, ಇವತ್ತಲ್ಲ ನಾಳೆ ಬತ್ತವೆ. ಅದ್ಕೇ ಬಾಯಿ ಮುಚ್ಕೊಂಡಿದ್ದೆ."

ನಾಚಿಕೆಗೆ ದಾಕ್ಷಿಯ ಮುಖ ಕೆಂಪೇರಿತು. ಅಳು, ನಗು ಎರಡೂ ಒಟ್ಟಿಗೇ ಬಂದವು. ಅವನ ಕೈಯಿಂದ ಚೀಲ ತೆಗೆದುಕೊಂಡಳು.

ನೀರಿನ ಹದಕ್ಕೆ ಒಗ್ಗಲೆಂದು ಚೀಲವನ್ನು ಸ್ವಲ್ಪ ಹೊತ್ತು ತೊಟ್ಟಿಯಲ್ಲಿ ತೇಲಿಬಿಟ್ಟರು. ಇಬ್ಬರೂ ಪಕ್ಕಪಕ್ಕ ಕೂತು ಅದನ್ನೇ ನೋಡಿದರು. ಬಿಟ್ಟ ಕೂಡಲೇ ಎಂಟೂ ಮೀನು ಒಟ್ಟಾಗಿ ಸೆಳೆತಕ್ಕೆ ಎದುರಾಗಿ ನಿಂತವು. ಶಿವನಂಜಪ್ಪನವರ ಕಣ್ಣು ತುಂಬಿತು.

ಪ್ರಸಾದ್ ಅಳುಕುತ್ತಲೇ ಕೇಳಿದ. "ಮುಂದಿನ ಭಾನುವಾರ... ಬರಬಹುದಾ?"

"ಒಬ್ರೇ ಬರೋ ಹಂಗಿಲ್ಲ."

"ಮತ್ತೆ?"

"ನಿಮ್ಮೂರು ತೃಶ್ಶಿಲೇರಿಯಿಂದ ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ."

ಅವನು ಕೂತಲ್ಲಿಂದ ಎದ್ದೇಬಿಟ್ಟ. "ಅಮ್ಮನಿಗೆ... ಏನಂತ ಹೇಳ್ಲಿ?"

ದಾಕ್ಷಿ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು.

"ಈ ಸಲ ನಿಜಾನೇ ಹೇಳಿ."