ಕರೆದರೂ ತಿರುಗದವಳು

"ಅದನ್ನ ಮುಟ್ಟಿ ನೋಡಿ, ಕೈ ಮುರೀತೀನಿ!"

ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ರಟ್ಟಿನ ತುಂಡು ಹಿಡಿದವಳು ಹಾಗೆ ಗುಡುಗಿದಾಗ ಬಾಗಿಲಲ್ಲಿದ್ದ ಅವನು ಹಿಂದೆ ಸರಿದ.

ಪಾರ್ಸೆಲ್ ಗೋದಾಮಿನ ಹೆಂಗಸರ ವಿಶ್ರಾಂತಿ ಕೋಣೆ ಅದು. ಬೆಳಿಗ್ಗೆ ಬಂದು ನೋಡಿದರೆ ಮೂಲೆಯಲ್ಲಿ ಹೊಸ ಕ್ಯಾಮೆರಾ! ಪ್ಯಾಕಿಂಗ್ ಮೇಜುಗಳ ಮೇಲಿದ್ದದ್ದು ಸಾಲದೆಂದು, ಕಾಲು ಚಾಚಿ ಕೂರುವ ಜಾಗಕ್ಕೂ ಕಣ್ಣು ಹಾಕಿದ್ದರು. ದಿನವಿಡೀ ಪೆಟ್ಟಿಗೆಗಳಿಗೆ ಟೇಪು ಸುತ್ತುವವಳಿಗೆ ಇದೊಂದಕ್ಕೆ ಸುತ್ತುವುದು ಯಾವ ಲೆಕ್ಕ?

ಅವನು ಮೇಲಿನ ಕೋಣೆಯಲ್ಲಿ ಪರದೆಗಳ ಮುಂದೆ ಕೂರುವವನು. ಹೆಂಗಸರು ಅವನಿಗಿಟ್ಟ ಹೆಸರು ಗೂಬೆ. ಇವಳಿಗೆ ಸೂಪರ್‌ವೈಸರ್ ಇಟ್ಟ ಹೆಸರು ಮೆಣಸಿನಕಾಯಿ. ಇಬ್ಬರೂ ಎದುರುಬದುರಾದದ್ದು ಅವತ್ತೇ ಮೊದಲು.

"ನೋಡಿ, ಸರಕು ಕಳುವಾಗ್ತಿದೆ. ಮೇಲಿನವರು ಹೇಳಿದ್ರು ಅಂತ..."

"ಕಳುವಾಗ್ತಿರೋದು ಲಾರಿಯಿಂದ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ? ಊಟದ ಡಬ್ಬೀಲಿ ಏನ್ ತುಂಬ್ಕೊಂಡು ಹೋಗ್ತೀವಿ ನಾವು?"

ಅವಳ ಹಿಂದೆ ಒಬ್ಬ ಹಸಿ ಬಾಣಂತಿ ಪುಟ್ಟ ಬಾಟಲಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. "ಮಗುಗೆ ಹಾಲು ತೆಗೆದಿಡೋದು ಇಲ್ಲೇ ಅಣ್ಣಾ... ಇನ್ನೆಲ್ಲಿಗೆ ಹೋಗ್ಲಿ?" ಎಂದಳು ಮೆಲ್ಲಗೆ.

ಅವನ ಮುಖ ಕೆಂಪಾಯಿತು. ತಲೆ ತಗ್ಗಿಸಿದ.

"ಇಳೀರಿ. ನಾನೇ ಬಿಚ್ತೀನಿ. ಕೇಳಿದ್ರೆ ಇಲ್ಲಿಗೆ ವೈರು ಎಳೆಯಕ್ಕಾಗಲ್ಲ ಅಂತೀನಿ."

ಕ್ಯಾಮೆರಾ ಹೋಯಿತು. ಆದರೆ ಅವನ ಆ ತಗ್ಗಿದ ತಲೆ ಅವಳ ಮನಸ್ಸಿನಲ್ಲಿ ಉಳಿದುಬಿಟ್ಟಿತು!

ಅಂದಿನಿಂದ ದಿನವೂ ಕೆಲಸ ಮುಗಿದ ಮೇಲೆ ಬಸ್ ನಿಲ್ದಾಣದವರೆಗೆ ಇಬ್ಬರೂ ಜೊತೆಯಾಗಿ ನಡೆಯತೊಡಗಿದರು. ಅಲ್ಲೇ ಅವಳಿಗೊಂದು ಅಚ್ಚರಿ ಕಾದಿತ್ತು.

ಚಿಕ್ಕಂದಿನಲ್ಲಿ ಬಂದ ಜ್ವರಕ್ಕೆ ಅವಳ ಎಡಗಿವಿ ಹೋಗಿತ್ತು. ಅಮ್ಮನ ಹೊರತು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯ. ಅದಕ್ಕೇ ಎಡಕ್ಕೆ ಗೋಡೆ ಇರುವ ಮೇಜನ್ನು ಹಠ ಹಿಡಿದು ಪಡೆದಿದ್ದಳು. ಗೋಡೆಯೊಳಗಿಂದ ಯಾರೂ ಕರೆಯುವುದಿಲ್ಲವಲ್ಲ! ಆದರೆ ಇವನು ಮೊದಲ ದಿನದಿಂದಲೂ ಅವಳ ಬಲಕ್ಕೇ ನಡೆದ. ಗದ್ದಲವಿದ್ದರೆ ನಿಂತು, ಮುಖ ನೋಡಿ ಮಾತಾಡಿದ.

'ನಾನು ಬಾಯಿ ಬಿಟ್ಟು ಹೇಳಿಲ್ಲ... ಆದ್ರೂ ಇವನಿಗೆ ಅರ್ಥ ಆಯ್ತು! ಮನಸ್ಸು ಅಂದ್ರೆ ಇದೇ ಅಲ್ವಾ?'

ಮೆಣಸಿನಕಾಯಿ ಬೆಲ್ಲವಾಗಿದ್ದಾಳೆ ಎಂದು ಗೋದಾಮಿನ ಹಿರಿಯಳು ದೊಡ್ಡಕ್ಕ ಕಾಲೆಳೆದಾಗ ಅವಳು ಬಾಯಿ ಮುಚ್ಚಿಕೊಂಡು ನಕ್ಕಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಕ್ಯಾಮೆರಾದ ದೃಶ್ಯಗಳನ್ನು ತಾನೇ ಪರೀಕ್ಷಿಸುವ ಹೊಸ ಯಂತ್ರ ಬಂತು, ಎಲ್ಲರೂ ಅದರ ಕಣ್ಣಿಗೆ ಬೀಳಲೆಂದು ಮೇಜುಗಳು ಅದಲುಬದಲಾದವು, ಅವಳಿಗೆ ನಡುಮಧ್ಯದ ಮೇಜು ಸಿಕ್ಕಿತು. ಒಂದು ಮಧ್ಯಾಹ್ನ ಮ್ಯಾನೇಜರ್ ಕರೆಸಿ ಪರದೆ ತೋರಿಸಿದ. ಅದರಲ್ಲಿ ಅವಳೇ! ಎಡಗಡೆಯಿಂದ ಸೂಪರ್‌ವೈಸರ್ ಕರೆಯುತ್ತಿದ್ದಾನೆ... ಅವಳು ತಿರುಗುತ್ತಲೇ ಇಲ್ಲ. ಮತ್ತೆ ಕರೆಯುತ್ತಾನೆ... ಊಹ್ಞೂಂ.

"ನಿನ್ನ ಸುರಕ್ಷತೆಗೇ ಹೇಳ್ತಿರೋದಮ್ಮಾ. ಟ್ರಾಲಿ ಬಂದು ಗುದ್ದಿದ್ರೆ ಯಾರು ಹೊಣೆ? ನಾಳೆ ಇನ್ನೊಂದ್ಸಲ ನೋಡ್ತೀವಿ. ಕರೆದಾಗ ತಿರುಗದಿದ್ರೆ ಕೆಲಸ ಇಲ್ಲ."

ಸುರಕ್ಷತೆಯಂತೆ! ಅಷ್ಟು ಕಾಳಜಿ ಇದ್ದವರು ಗೋಡೆ ಬದಿಯ ಮೇಜನ್ನು ಕಿತ್ತುಕೊಳ್ಳುವ ಮುಂಚೆ ಒಂದು ಮಾತು ಕೇಳಬಹುದಿತ್ತು.

ಅವಳು ನೇರವಾಗಿ ಕ್ಯಾಮೆರಾ ಕೋಣೆಗೆ ನುಗ್ಗಿದಳು. ಅವನ ಎದುರಿನ ದೊಡ್ಡ ಪರದೆಯ ತುಂಬ ಅವಳ ಮೇಜು. ಬೇರೆ ಎಲ್ಲರೂ ಪಕ್ಕದ ಸಣ್ಣ ಸಣ್ಣ ಚೌಕಗಳಲ್ಲಿದ್ದರು.

ಅವಳು ಆ ಪರದೆಯತ್ತ ಬೆರಳು ತೋರಿಸಿದಳು.

"ಓ... ಹೀಗಾ ಗೊತ್ತಾಗಿದ್ದು ನಿಮಗೆ?"

"ಆ ದೃಶ್ಯ ನಾನು ಕೊಟ್ಟಿದ್ದಲ್ಲ, ಆಣೆ! ಕರೆದ್ರೆ ತಿರುಗದವರನ್ನ ಹೊಸ ಯಂತ್ರ ತಾನೇ ಹುಡುಕುತ್ತೆ. ನಾನು..."

"ಕೊಡಲಿಲ್ಲ, ಸರಿ. ನೋಡಿದ್ರಲ್ಲ?"

ಅವನು ಹೌದೆಂದು ತಲೆಯಾಡಿಸಿದ.

"ಯಾರು ಮಾತಾಡಿಸಿದ್ರೂ ನೀವು ಬಲಗಿವಿ ಮುಂದೆ ಮಾಡೋದು ಕಾಣ್ತಿತ್ತು. ಪ್ರೀತಿಯಿಂದ ನೋಡ್ತಿದ್ದೆ..."

"ಪ್ರೀತಿ ಇದ್ದವರು ಎದುರಿಗೆ ಬಂದು ಕೇಳ್ತಾರೆ! ನಾನು ಬೆವರು ಒರೆಸ್ಕೊಂಡಿದ್ದು, ಆಕಳಿಸಿದ್ದು, ಒಬ್ಬಳೇ ಅತ್ತಿದ್ದು... ಎಲ್ಲ ನಿಮ್ಮ ಹತ್ರ ಇದೆ. ನಿಮ್ಮದು ನನ್ನ ಹತ್ರ ಏನಿದೆ ಹೇಳಿ? ನನ್ನ ಮನಸ್ಸು ಓದ್ತಾನೆ ಅಂದ್ಕೊಂಡಿದ್ದೆನಲ್ಲ, ಎಂಥ ಪೆದ್ದಿ ನಾನು!"

ಬಾಗಿಲು ದಢಾರನೆ ಬಡಿಯಿತು.

ಮೆಟ್ಟಿಲಲ್ಲಿ ಕಣ್ಣೊರೆಸಿಕೊಂಡು ಅವಳು ವಿಶ್ರಾಂತಿ ಕೋಣೆಗೆ ಹೋಗಿ, ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ತಾನೇ ಎಲ್ಲರ ಮುಂದೆ ಹೇಳಿಬಿಟ್ಟಳು.

"ನಾಳೆ ಕರೀಲಿ," ಎಂದಳು ದೊಡ್ಡಕ್ಕ ಸೆರಗು ಸಿಕ್ಕಿಸುತ್ತ. "ನೋಡೋಣ ಯಾರು ತಿರುಗ್ತಾರೆ ಅಂತ!"

ಮರುದಿನ ಸೂಪರ್‌ವೈಸರ್ ಅವಳನ್ನು ಕರೆದ. ಅವಳು ತಿರುಗಲಿಲ್ಲ. ದೊಡ್ಡಕ್ಕನನ್ನು ಕರೆದ. ಅವಳೂ ತಿರುಗಲಿಲ್ಲ. ಬಾಣಂತಿ, ಅವಳ ಪಕ್ಕದವಳು, ಆಚೆ ಸಾಲಿನವಳು... ಗಂಟಲು ಹರಿಯುವ ಹಾಗೆ ಕೂಗಿದರೂ ಒಂದು ಕತ್ತೂ ಅಲುಗಲಿಲ್ಲ. ಟೇಪಿನ ಪರಪರ ಸದ್ದೊಂದೇ! ಯಂತ್ರ ಇಡೀ ಗೋದಾಮಿಗೆ ಕೆಂಪು ಗುರುತು ಹಾಕಿತು.

ಮ್ಯಾನೇಜರ್ ಕ್ಯಾಮೆರಾ ಕೋಣೆಗೆ ಓಡಿದ.

"ಅವಳಿಗೆ ನಿಜವಾಗ್ಲೂ ಕೇಳಿಸಲ್ವೋ, ಇವರೆಲ್ಲರ ಹಾಗೆ ನಾಟಕಾನೋ ಅಂತ ನಿನಗೆ ಗೊತ್ತಿರುತ್ತೆ. ಹೇಳು!"

"ಗೊತ್ತಿಲ್ಲ ಸರ್."

"ಹೇಳದಿದ್ರೆ ಆ ಕುರ್ಚಿ ಬಿಟ್ಟು ಏಳು!"

ಅವನು ಎದ್ದುಬಿಟ್ಟ. ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರನಡೆದ.

ಆ ಸುದ್ದಿ ಕೆಳಗೆ ಬಂದಾಗ ಅವಳ ಕೈಯ ಟೇಪು ನಿಂತಿತು. ಅವಳು ಮ್ಯಾನೇಜರನ ಎದುರಿಗೆ ಹೋದಳು. ಬೆನ್ನ ಹಿಂದೆ ಹೆಂಗಸರೆಲ್ಲ ಬಂದು ನಿಂತರು.

"ನಾನೇ ಹೇಳ್ತೀನಿ ಸರ್. ನನ್ನ ಎಡಗಿವಿ ಕೇಳಲ್ಲ. ಗೋಡೆ ಬದಿ ಮೇಜು ಕೊಡಿ, ಕೆಲಸದಲ್ಲಿ ಒಂದು ತಪ್ಪು ತೋರಿಸಿ ನೋಡೋಣ. ಇದನ್ನ ನೀವು ಕೇಳಿದ್ದಿದ್ರೆ ನಾನೇ ಹೇಳ್ತಿದ್ದೆ. ಕದ್ದು ನೋಡೋ ದರ್ದು ಏನಿತ್ತು?"

ಹೊರಗೆ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಎಲ್ಲರನ್ನೂ ಮನೆಗೆ ಕಳಿಸಿದರೆ ಪೆಟ್ಟಿಗೆ ಕಟ್ಟುವವರು ಯಾರು? ಮ್ಯಾನೇಜರ್ ಹಲ್ಲು ಕಚ್ಚಿ ಒಪ್ಪಿದ.

ಸಂಜೆ ಬಸ್ ನಿಲ್ದಾಣದಲ್ಲಿ ಅವನು ದೂರದಲ್ಲೇ ನಿಂತಿದ್ದ. ಅವಳೇ ಹತ್ತಿರ ಹೋದಳು.

"ಕೆಲಸ ಬಿಟ್ರಂತೆ. ನಾನು ಕ್ಷಮಿಸ್ಲಿ ಅಂತಾನಾ?"

"ಅಲ್ಲ... ಆ ಕುರ್ಚೀಲಿ ಕೂತವನನ್ನ ನೀವು ಯಾವತ್ತೂ ನಂಬಬಾರದು. ಅದಕ್ಕೆ." ಅವನು ಕೈ ಮುಗಿದ. "ನಿಮ್ಮ ಬಗ್ಗೆ ನನಗೆ ಗೊತ್ತಿರೋದೆಲ್ಲ ಕದ್ದಿದ್ದು. ತಪ್ಪಾಯ್ತು."

"ಸರಿ, ಈಗ ನನ್ನ ಸರದಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ಕೊನೇ ಸಲ ಅತ್ತಿದ್ದು ಯಾವಾಗ?"

"ನಿನ್ನೆ... ನೀವು ಬಾಗಿಲು ಬಡಿದಾಗ."

"ಈಗ ಯಾವುದಕ್ಕೆ ಭಯ?"

"ಅಮ್ಮನಿಗೆ. ಕೆಲಸ ಹೋಯ್ತು ಅಂದ್ರೆ ಪೊರಕೆ ತಗೋತಾರೆ!"

ಅವಳಿಗೆ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಇಷ್ಟು ದಿನಕ್ಕೆ ಮೊದಲ ಸಲ ಅವನ ಬಗ್ಗೆ ಅವಳಿಗೇನೋ ಗೊತ್ತಾಗಿತ್ತು.

"ಒಂದು ವಿಷಯ ನಿಮ್ಮ ಯಾವ ಪರದೆಯಲ್ಲೂ ಕಂಡಿರಲ್ಲ," ಎಂದಳು. "ಹೇಳ್ಲಾ?"

"ನಿಮಗೆ ಹೇಳ್ಬೇಕು ಅನ್ಸಿದ್ರೆ ಮಾತ್ರ..."

"ನಿನ್ನ ಮೇಲೆ ಇನ್ನೂ ಸಿಟ್ಟಿದೆ ಕಣೋ. ಆದ್ರೂ ನೀನಂದ್ರೆ ನಂಗೆ ಪ್ರಾಣ."

ಅವನ ಕಣ್ಣು ತುಂಬಿತು. "ಇದು ನಿಜವಾಗ್ಲೂ ನನಗೆ ಗೊತ್ತಿರಲಿಲ್ಲ."

"ಹೇಗೆ ಗೊತ್ತಿರುತ್ತೆ? ಈಗ ತಾನೇ ಹೇಳ್ತಿದೀನಿ," ಎಂದು ಅವಳು ಅವನ ಕೈ ಹಿಡಿದಳು.