ಅವ್ವ ಎಂದರೆ ವಾರಿಜಾ

ವಾರಿಜಾಳ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದಾಗಲೇ ಅಡುಗೆಮನೆಯ ಗೋಡೆ ಪರದೆಯಾಗಿ ಬೆಳಗಿತು. ನಿನ್ನೆ ಒಪ್ಪಿಸಿದ್ದ ಕೆಲಸವನ್ನು ‘ಮಾಲೆ’ ಮುಗಿಸಿತ್ತು. ಕೈ ತೊಳೆಯುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಮೊಣಕೈಯಿಂದಲೇ ಗೋಡೆಯನ್ನು ತಟ್ಟಿದಳು.

ಮಾಲೆ ಎಂಬ ಈ ಯಂತ್ರ ಅವಳದೇ ಸೃಷ್ಟಿ. ಅಜ್ಜಿಯರ ಕಾಲದಲ್ಲಿ ಜನ ಫೋನಿನಲ್ಲಿದ್ದ ಫೋಟೊಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಡುನಡುವೆ ವಿಡಿಯೊ ತುಣುಕು ಸೇರಿಸಿ, ಹಾಡು ಹಚ್ಚಿ ಹುಟ್ಟುಹಬ್ಬಗಳಲ್ಲಿ ತೋರಿಸುತ್ತಿದ್ದರಂತೆ. ಮಾಲೆಗೆ ನಾಲ್ಕು ಸಾಲಿನ ಬರಹ ಸಾಕು. ಮನೆಯ ಕ್ಯಾಮೆರಾಗಳು ಕೂಡಿಟ್ಟ ಸಾವಿರಾರು ಚಿತ್ರಗಳಿಂದ ಬೇಕಾದುದನ್ನು ಅದೇ ಆಯ್ದು ಪೋಣಿಸುತ್ತಿತ್ತು. ಆದರೆ ವಾರಿಜಾಳ ನಿಜವಾದ ಶೋಧ ಬೇರೆ. ಎರಡು ಚಿತ್ರಗಳ ನಡುವೆ ಯಾರೂ ತೆಗೆಯದೆ ಉಳಿದ ಕ್ಷಣಗಳನ್ನು, ಬೆಳಕು, ನೆರಳು, ಮೈಯ ಚಲನೆಗಳನ್ನು ಅಂದಾಜಿಸಿ ಯಂತ್ರವೇ ಹೆಣೆದು ತುಂಬುತ್ತಿತ್ತು. ಅದನ್ನು ಅವಳು ‘ಎಡೆದಾರ’ ಎಂದು ಕರೆದಳು. ಎಡೆದಾರ ಬಂದ ಮೇಲೆ ಸತ್ತವರ ಅರ್ಧ ನಗು ಪೂರ್ತಿಯಾಯಿತು. ಮದುವೆಗೆ ಬಾರದ ಅಣ್ಣಂದಿರು ಮದುವೆಯ ಚಿತ್ರದಲ್ಲಿ ಬಂದು ಕೂತರು. ಯಾವುದು ನಡೆದದ್ದು, ಯಾವುದು ಹೆಣೆದದ್ದು ಎಂಬುದು ನೋಡಿದವರಿಗೆ ಎರಡೇ ವರ್ಷದಲ್ಲಿ ಮರೆತುಹೋಗುತ್ತಿತ್ತು.

ಇಂದು ಮಗಳು ಮೇದಿನಿಗೆ ಏಳು ತುಂಬುತ್ತದೆ. ವಾರಿಜಾ ಬರೆದುಕೊಟ್ಟದ್ದು ಇಷ್ಟೇ: ಮೇದಿನಿ ಮತ್ತು ಅವಳ ಅವ್ವ. ಹುಟ್ಟಿದಂದಿನಿಂದ ಇಂದಿನವರೆಗೆ. ಏಳು ನಿಮಿಷ. ಹಿಂದೆ ಸಾರಂಗಿ.

ಸಾರಂಗಿ ಎದ್ದಿತು. ಮೇದಿನಿ ಮೊದಲ ಹೆಜ್ಜೆ ಇಟ್ಟಳು, ಸೋದರತ್ತೆ ಕುಮುದಾಳ ಕಡೆಗೆ. ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದಳು, ಕುಮುದಾಳಿಗೆ. ಶಾಲೆ, ದಡಾರ, ಸೈಕಲ್ಲು, ಎಲ್ಲದರಲ್ಲೂ ಕುಮುದಾ. ಏಳು ನಿಮಿಷದಲ್ಲಿ ವಾರಿಜಾ ಒಂದೇ ಒಂದು ಸಲ ಚೀಲ ಹಿಡಿದು ಬಾಗಿಲು ದಾಟಿ ಹೋದಳು.

ಯಂತ್ರ ತಪ್ಪಿರಲಿಲ್ಲ. ಯಾರು ಏನಾಗಬೇಕು ಎಂಬುದನ್ನು ಅದು ಮಗುವಿನ ಬಾಯಿಂದಲೇ ಕಲಿಯುತ್ತಿತ್ತು. ಗಂಡನ ತಂಗಿ ಕುಮುದಾ ವಾರಿಜಾಳನ್ನು ‘ವೈನಿ’, ಅಂದರೆ ಅತ್ತಿಗೆ, ಅನ್ನುವುದನ್ನು ಕೇಳಿ ಮೇದಿನಿಯೂ ತಾಯಿಯನ್ನು ವೈನಿ ಎಂದೇ ಕರೆದಳು. ಧಾರವಾಡದ ಮನೆಗಳಲ್ಲಿ ಇದು ಹೊಸದಲ್ಲ. ಕುಮುದಾ ಮಗುವನ್ನು ಎತ್ತಿಕೊಂಡು ‘ಬಾ ನಮ್ಮವ್ವ, ಉಣ್ಣು ನಮ್ಮವ್ವ’ ಎಂದು ಮುದ್ದು ಮಾಡುತ್ತಿದ್ದಳು. ಮಗು ಆ ಮಾತನ್ನು ಅವಳಿಗೇ ತಿರುಗಿಸಿ ಕೊಟ್ಟು, ಅವಳನ್ನೇ ‘ಅವ್ವ’ ಎಂದು ಕರೆಯಿತು. ಎಲ್ಲರೂ ನಕ್ಕಿದ್ದರು. ವಾರಿಜಾ ಕೂಡ.

“ವೈನಿ, ಹಂಚು ಹೊಗಿ ಬಿಡಲಿಕತ್ತದ,” ಎನ್ನುತ್ತ ಒಳಗೆ ಬಂದ ಕುಮುದಾ ಗೋಡೆ ನೋಡಿ ನಿಂತಳು. “ಅಯ್ಯ, ಇದೇನ್ರಿ, ಬರೇ ನಾನ ಇದ್ದೀನಲ್ಲ. ನಿಮ್ಮ ಯಂತ್ರಕ್ಕ ಕಣ್ಣು ಮಂದ ಆಗ್ಯಾವೇನು?”

“ಕಣ್ಣು ಮಂದ ಇಲ್ಲ. ಕಿವಿ ಚುರುಕ ಅವ.”

“ಹೋಗ್ಲಿ ಬಿಡ್ರಿ. ಕೂಸಿನ ಮಾತು.”

ಬಿಡಿ ಎನ್ನುವುದು ಇದ್ದವರಿಗೆ ಸುಲಭ, ಎಂದುಕೊಂಡಳು ವಾರಿಜಾ. ಕುಮುದಾ ಗೋಡೆಗೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿಯತೊಡಗಿದಳು. ಅಂಚು ಬಿರಿಯದ, ದುಂಡನೆಯ ರೊಟ್ಟಿ. ಅದನ್ನೂ ವಾರಿಜಾಳಿಗೆ ಸಹಿಸಲಾಗಲಿಲ್ಲ. ಕೈ ತೊಳೆದು ಬಂದು ಐದನೆಯ ಸಾಲು ಬರೆದಳು: ಅವ್ವ ಎಂದರೆ ವಾರಿಜಾ.

ಎರಡು ರೊಟ್ಟಿ ಬೇಯುವಷ್ಟರಲ್ಲಿ ಎಡೆದಾರ ಎಲ್ಲವನ್ನೂ ಮತ್ತೆ ಹೆಣೆಯಿತು. ಈಗ ಮೊದಲ ಹೆಜ್ಜೆ ಅವಳ ಕಡೆಗೆ. ದಡಾರ ಎದ್ದ ಮಗು ಮಲಗಿದ್ದು ಅವಳ ಮಡಿಲಲ್ಲಿ. ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದವಳೂ ಅವಳೇ. ನೋಡುತ್ತ ನೋಡುತ್ತ ಆ ಬಟ್ಟೆಯ ತಂಪು ತನ್ನ ಬೆರಳಿಗೆ ನೆನಪಾದಂತೆ ಅವಳಿಗೆ ಅನಿಸಿತು. ಹಾಗೆ ನೆನಪಾಗುವಂತಿರಲಿಲ್ಲ. ಆ ವಾರವೆಲ್ಲ ಅವಳು ಪ್ರಯೋಗಾಲಯದಲ್ಲಿದ್ದಳು. ತಾಯಿ ಮಗುವಿನ ಹಣೆ ಹೇಗೆ ಮುಟ್ಟುತ್ತಾಳೆ ಎಂಬುದನ್ನು, ಬೇರೆಯವರ ಮಕ್ಕಳ ಚಿತ್ರ ತೋರಿಸಿ, ಎಡೆದಾರಕ್ಕೆ ಕಲಿಸುತ್ತಿದ್ದಳು.

ಎರಡು ವರ್ಷ ಸಾಕು. ಒಂಬತ್ತು ತುಂಬುವ ಹೊತ್ತಿಗೆ ಮೇದಿನಿಗೂ ಇದೇ ನೆನಪಾಗಿರುತ್ತದೆ.

“ಮೇದಿನಿ, ಬಾ ಇಲ್ಲೆ. ನಿನಗೊಂದು ಮಜಾ ತೋರಸ್ತೀನಿ.”

ಒಂದೇ ಜಡೆ ಹಾಕಿಸಿಕೊಂಡಿದ್ದ ಮೇದಿನಿ ಓಡಿ ಬಂದಳು. ಕುಮುದಾಳೂ ತಿರುಗಿದಳು. ಗೋಡೆಯ ಮೇಲೆ ತನ್ನ ಮುಖ ಎಲ್ಲೂ ಇಲ್ಲದ್ದು ಅವಳಿಗೆ ತಿಳಿಯಲು ತಡವಾಗಲಿಲ್ಲ. “ಈಗ ಚೊಲೊ ಬಂತು ನೋಡ್ರಿ, ವೈನಿ,” ಎಂದಳು. ಆಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ.

ತಾಯಿಯನ್ನು ಏನಾದರೂ ಕೇಳಬೇಕಾದಾಗ ಮೇದಿನಿಗೆ ರಿಬ್ಬನ್ನಿನ ತುದಿ ಕಚ್ಚುವ ರೂಢಿ. ಕಚ್ಚಿ ನಿಂತು, ಕೇಳದೆಯೇ ಕುಮುದಾಳ ಹತ್ತಿರ ಹೋಗಿಬಿಡುತ್ತಿದ್ದಳು. ಈಗಲೂ ಕಚ್ಚಿಕೊಂಡೇ ದಡಾರದ ಚಿತ್ರದ ಹತ್ತಿರ ನಡೆದಳು. ಒದ್ದೆ ಬಟ್ಟೆ ಹಿಡಿದ ಕೈಯ ಮೇಲೆ ಬೆರಳಿಟ್ಟಳು. ಹೆಬ್ಬೆರಳ ಬುಡದಲ್ಲಿ ಹಂಚು ತಾಗಿ ಸುಟ್ಟ ಹಳೆಯ ಕಲೆ. ಯಂತ್ರ ಮುಖ ಬದಲಿಸಿತ್ತು. ಕೈ ಯಾರದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

“ಕೈ ಅವ್ವಂದು,” ಎಂದಳು ಮೇದಿನಿ. “ಮಾರಿ ನಿಂದು.”

“ಚೊಲೊ ಕಾಣೂದಿಲ್ಲೇನು, ಬಂಗಾರಾ?”

ಮೇದಿನಿ ಕುಮುದಾಳ ಕಡೆ ನೋಡಿದಳು. ಆದರೆ ಅತ್ತ ಹೋಗಲಿಲ್ಲ. ರಿಬ್ಬನ್ನನ್ನು ಬಾಯಿಂದ ತೆಗೆದಳು.

“ವೈನಿ, ಅವತ್ತ ನೀ ಎಲ್ಲಿದ್ದಿ?”