ಹತ್ತನೆಯ ಪತ್ರ

ನಟಿ ಲವಿನಿಯಾಳನ್ನು ಕೊಂದದ್ದು ಕ್ಷಯವಲ್ಲ, ಪತ್ರಿಕೆಯಲ್ಲಿ ನಾಟಕ ವಿಮರ್ಶಕ ಥರ್ಲೋ ಬರೆದ ವಿಮರ್ಶೆ. ಅವಳ ಗಂಡ, ನಟ ಹೊರೇಸ್ ಪೆಂಗೆಲಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ‘ಶ್ರೀಮತಿ ಪೆಂಗೆಲಿಯವರ ದನಿ ಮುಗಿದಿದೆ, ಇನ್ನಾದರೂ ಮನೆಯಲ್ಲಿರಲಿ.’ ಇಡೀ ಮೆಲ್ಬರ್ನ್ ಓದಿ ನಕ್ಕಿತು. ಹೊರೇಸ್ ಬಿಟ್ಟಾನೆಯೇ? ಛಲ ಹಿಡಿದು ಹೆಂಡತಿಯನ್ನು ಇನ್ನೂ ಐದು ತಿಂಗಳು ಗಣಿಯೂರುಗಳಲ್ಲೆಲ್ಲ ಕುಣಿಸಿದ. ಬಲ್ಲಾರಟ್‌ನಲ್ಲಿ ರಂಗದ ಮೇಲೆಯೇ ರಕ್ತ ಕಾರಿ ಸತ್ತಳು.

ಅವಳ ಪೆಟ್ಟಿಗೆಯಲ್ಲಿ ಥರ್ಲೋ ಬರೆದ ಒಂಬತ್ತು ಪತ್ರಗಳಿದ್ದವು. ಕೊನೆಯದು ವಿಮರ್ಶೆಯ ಹಿಂದಿನ ದಿನದ್ದು: ‘ನಿಮ್ಮ ಕೋರಿಕೆ ನಡೆಸಿಕೊಡುತ್ತೇನೆ. ಚಿಂತೆ ಬಿಡಿ.’ ಪಾಪ, ಹೊಗಳಿಕೆಗೆ ಅಂಗಲಾಚಿದ್ದಳು. ಮಾತು ಕೊಟ್ಟು ಕತ್ತು ಕೊಯ್ದಿದ್ದಾನೆ!

ಹತ್ತನೆಯದನ್ನು ಹೊರೇಸನೇ ಬರೆದ. ನಾಟಕದ ಕಸುಬಿನಲ್ಲಿ ಒಬ್ಬೊಬ್ಬ ನಟನಿಗೆ ಅವನವನ ಮಾತಷ್ಟೇ ಬರೆದುಕೊಡುತ್ತಿದ್ದರು. ಎದುರಿನವರ ಮಾತನ್ನು ಊಹಿಸಿಕೊಂಡೇ ಮೂವತ್ತು ವರ್ಷ ಚಪ್ಪಾಳೆ ಗಿಟ್ಟಿಸಿದ್ದ. ಒಂಬತ್ತು ಪತ್ರಗಳನ್ನೂ ಹಾಗೆಯೇ ಬಾಯಿಪಾಠ ಮಾಡಿದ. ಅದೇ ನೀಲಿ ಶಾಯಿ, ಅದೇ ಅಂಗಡಿಯ ಕಾಗದ, ರುಜುವಿನ ಅದೇ ಬಾಲ. ‘ನನ್ನ ಪ್ರೇಮವನ್ನು ನೀವು ತಿರಸ್ಕರಿಸಿದ ಸಿಟ್ಟಿಗೆ ಸುಳ್ಳು ಬರೆದೆ. ಕ್ಷಮಿಸಿ.’ ಅದನ್ನು ಕಟ್ಟಿನಲ್ಲಿ ಸೇರಿಸಿ ಸಂಪಾದಕ ಮ್ಯಾಕ್ರೇ ಕೈಗೆ ಕೊಟ್ಟ. ಥರ್ಲೋ ಬೀದಿಗೆ ಬೀಳುವುದಷ್ಟೇ ಬಾಕಿ.

ಮರುದಿನ ಮ್ಯಾಕ್ರೇ ವಿಷಯ ತಿಳಿಸಿ ಇಬ್ಬರನ್ನೂ ಕರೆಸಿದ. “ಏನಯ್ಯಾ ಥರ್ಲೋ, ಇದು ನಿನ್ನ ಅಕ್ಷರಾನೇ?”

“ನನ್ನ ಅಕ್ಷರದ ಥರಾನೇ ಇದೆ. ಆದ್ರೆ ನಾನು ಬರೆದಿಲ್ಲ.”

“ಮತ್ತೇನು, ಗಾಳೀಲಿ ಹಾರಿ ಬಂತಾ?” ಹೊರೇಸ್ ಕೆಣಕಿದ.

ಥರ್ಲೋ ಅವನ ಕಡೆ ತಿರುಗಿದ. “ಪೆಂಗೆಲಿ, ವಾಪಸ್ ತಗೊಂಡ್ಬಿಡಯ್ಯ. ಕೈ ಮುಗೀತೀನಿ. ಆಯಮ್ಮಂಗೆ ಮಾತು ಕೊಟ್ಟಿದೀನಿ.”

“ನಾಟಕ ಆಡೋದು ನನ್ನ ಕಸುಬು ಕಣಯ್ಯ, ನಿಂದಲ್ಲ.”

ಥರ್ಲೋ ನಿಟ್ಟುಸಿರುಬಿಟ್ಟು ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ.

ಲವಿನಿಯಾಳ ಓರೆ ಅಕ್ಷರ. ಥರ್ಲೋನ ಮಾತುಗಳನ್ನು ಒಂದಕ್ಷರ ಬಿಡದೆ ಕಲಿತ ಹೊರೇಸನಿಗೆ, ಅವಳ ಮಾತುಗಳೂ ಎಲ್ಲೋ ಇರುತ್ತವೆ, ಅವು ಥರ್ಲೋನ ಮನೆಯಲ್ಲೇ ಇರುತ್ತವೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಮ್ಯಾಕ್ರೇ ಗಟ್ಟಿಯಾಗಿ ಓದತೊಡಗಿದ: ‘ನನ್ನ ಎದೆ ಪೂರ್ತಿ ಕೆಟ್ಟಿದೆ. ನಾನು ಹೇಳಿದರೆ ಹೊರೇಸ್ ನಂಬುವುದಿಲ್ಲ, ನೆಪ ಅನ್ನುತ್ತಾರೆ. ನೀವು ಬರೆದದ್ದನ್ನು ನಂಬುತ್ತಾರೆ. ಇವಳ ದನಿ ಮುಗಿದಿದೆ, ಮನೆಯಲ್ಲಿರಲಿ ಎಂದು ಬರೆದುಬಿಡಿ. ನಾನೇ ಕೇಳಿಕೊಂಡೆ ಅಂತ ಮಾತ್ರ ಅವರಿಗೆ ಎಂದೂ ಹೇಳಬೇಡಿ, ನೊಂದುಕೊಳ್ಳುತ್ತಾರೆ.’